ಮಾಮನನ್ನು ನೋಡಿ ಅಳಿಯ ಉಗ್ಗು ಕಲಿಯುವುದಿಲ್ಲ

ಪ್ರಶ್ನೆ: ನನಗೆ 27 ವರ್ಷ. ಊರು ಕಾಳಗಿ. ಕಲಬುರಗಿ ಗಂಜಿನಲ್ಲಿ ಒಂದು ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಬುದ್ಧಿ ತಿಳಿದಾಗಿನಿಂದ ಉಗ್ಗು ಇದೆ. ಬಸ್ಸಿನಲ್ಲಿ ಕಂಡಕ್ಟರ್ ಮುಂದೆ ಊರಿನ ಹೆಸರು ಬಾಯಿಗೆ ಬರುವುದಿಲ್ಲ, 'ಲಾಸ್ಟ್ ಸ್ಟಾಪ್' ಅಂತ ಹೇಳಿ ಟಿಕೆಟ್ ತಗೊಳ್ಳುತ್ತೇನೆ. ಫೋನಿನಲ್ಲಿ ತೊಗರಿ ರೇಟು ಕೇಳಿದರೆ 'ಏಳು ಸಾವಿರ' ಅನ್ನುವ 'ಏ' ಹೊರಡುವುದೇ ಇಲ್ಲ. ಭಜನೆಯಲ್ಲಿ ಹಾಡುವಾಗ ಮಾತ್ರ ಒಂದು ಸಲವೂ ತಡೆದಿಲ್ಲ. ನಾಲ್ಕು ವರ್ಷದವನಿದ್ದಾಗ ಶರಣಬಸವೇಶ್ವರ ಜಾತ್ರೆಯಲ್ಲಿ ಅವ್ವನ ಕೈ ತಪ್ಪಿ ಕಳೆದುಹೋಗಿದ್ದೆನಂತೆ. ಆ ಅಂಜಿಕೆಗೇ ಹೀಗಾಯಿತು ಅಂತ ಅವ್ವ ಇವತ್ತಿಗೂ ಕಣ್ಣೀರು ಹಾಕುತ್ತಾಳೆ. ನನ್ನ ಸೋದರ ಮಾವನಿಗೂ ಉಗ್ಗು ಇತ್ತು. ಈಗ ಅಕ್ಕನ ಮಗ, ಮೂರು ವರ್ಷದವನು, ನಾಲ್ಕು ತಿಂಗಳಿಂದ 'ಮಾ ಮಾ ಮಾ ಮಾಮಾ' ಅನ್ನುತ್ತಿದ್ದಾನೆ. ನನ್ನನ್ನು ನೋಡಿಯೇ ಕಲಿತ ಅಂತ ಮನೆಯಲ್ಲಿ ಅನ್ನುತ್ತಾರೆ. ಅವನ ಮುಂದೆ ಮಾತಾಡುವುದನ್ನೇ ಬಿಟ್ಟಿದ್ದೇನೆ. ಇದು ಯಾಕೆ ಬರುತ್ತದೆ? ಹೋಗುತ್ತದಾ? ಹೆಣ್ಣು ನೋಡಲು ಹೋಗುವ ಮಾತು ನಡೆದಿದೆ, ಅವರಿಗೆ ಮೊದಲೇ ಹೇಳಬೇಕಾ?

ಉತ್ತರ: ಶರಣು. ನೀವು ಕೇಳಿದ ಕ್ರಮ ಬಿಟ್ಟು ಅಳಿಯನ ವಿಷಯದಿಂದಲೇ ಶುರು ಮಾಡುತ್ತೇನೆ. ಉಳಿದದ್ದು ನಾಲ್ಕು ದಿನ ತಡವಾದರೂ ನಡೆಯುತ್ತದೆ, ಇದು ನಡೆಯುವುದಿಲ್ಲ.

ಆ ಮಗು ನಿಮ್ಮಿಂದ ಉಗ್ಗು ಕಲಿತಿಲ್ಲ. ಉಗ್ಗು ನೋಡಿ ಬರುವುದಿಲ್ಲ, ಕೇಳಿ ಅಂಟುವುದಿಲ್ಲ. ಮೂರು ವರ್ಷದ ಮಕ್ಕಳು ದೊಡ್ಡವರು ಕೆಮ್ಮಿದ್ದನ್ನೂ ಅಣಕಿಸುತ್ತವೆ, ಗೊರಕೆ ಹೊಡೆದದ್ದನ್ನೂ ಅಣಕಿಸುತ್ತವೆ, ನಗುತ್ತವೆ, ಐದು ನಿಮಿಷಕ್ಕೆ ಮರೆಯುತ್ತವೆ. ಅಣಕಿಸಿದ ಮಾತ್ರಕ್ಕೆ ಬರುವುದಾಗಿದ್ದರೆ ಶಾಲೆಯಲ್ಲಿ ನಿಮ್ಮನ್ನು ಅಣಕಿಸಿದ ಹುಡುಗರೆಲ್ಲ ಇವತ್ತು ಉಗ್ಗಬೇಕಿತ್ತು, ಅಲ್ವಾ? ಉಗ್ಗುವ ಗಂಡನ ಜೊತೆ ನಲವತ್ತು ವರ್ಷ ಸಂಸಾರ ಮಾಡಿದ ಹೆಂಡತಿಯರು ಸಲೀಸಾಗಿ ಮಾತಾಡಿಕೊಂಡೇ ಇರುತ್ತಾರೆ.

ನೀವು ಸುಮ್ಮನಾದದ್ದರಿಂದ ಅವನ ಉಗ್ಗು ಒಂದು ಎಳೆಯಷ್ಟೂ ಕಡಿಮೆ ಆಗುವುದಿಲ್ಲ. ಆದರೆ ಬೇರೆ ಒಂದು ಆಗುತ್ತದೆ. ಅವನು 'ಮಾಮಾ' ಅನ್ನಲು ಹೋಗಿ ತಡೆದದ್ದೂ ಇದೇ ಹೊತ್ತಿನಲ್ಲಿ, ಮಾಮ ಮಾತು ಬಿಟ್ಟದ್ದೂ ಇದೇ ಹೊತ್ತಿನಲ್ಲಿ. ಮೂರು ವರ್ಷದ ತಲೆಯಲ್ಲಿ ಇವೆರಡೂ ಹೇಗೆ ಕೂಡಿಕೊಳ್ಳುತ್ತವೆ ಅಂತ ಯೋಚಿಸಿ ನೋಡಿ. ನಾನು ಹೀಗೆ ಕರೆದೆ, ಅದಕ್ಕೆ ಮಾಮ ಮಾತಾಡುತ್ತಿಲ್ಲ. ಇಷ್ಟೇ ಅವನಿಗೆ ಗೊತ್ತಾಗುವುದು. ಇವತ್ತೇ ಹೋಗಿ ಮಾತಾಡಿಸಿ. ತಡೆಯುತ್ತದಾ, ತಡೆಯಲಿ. ಉಗ್ಗುತ್ತಲೇ ಕತೆ ಹೇಳಿ. ಮಾತು ತಡೆದರೂ ಮಾತಾಡುತ್ತಲೇ ಇರುವ ದೊಡ್ಡವರೊಬ್ಬರು ಮನೆಯಲ್ಲಿ ಇರುವುದು ಉಗ್ಗುವ ಮಗುವಿಗೆ ದೊಡ್ಡ ಭಾಗ್ಯ. ಅದು ನಿಮಗೆ ಸಿಕ್ಕಿರಲಿಲ್ಲ ಅನಿಸುತ್ತದೆ, ಅವನಿಗಾದರೂ ಸಿಗಲಿ.

ಈಗ ಯಾಕೆ ಬರುತ್ತದೆ ಅನ್ನುವುದಕ್ಕೆ ಬರುತ್ತೇನೆ. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ನಿಮ್ಮ ಮನೆಯಲ್ಲಿ ಈ ಒಂದು ಪ್ರಶ್ನೆಗೆ ತಪ್ಪು ಉತ್ತರ ಇಟ್ಟುಕೊಂಡು ಇಬ್ಬರು ನರಳುತ್ತಿದ್ದೀರಿ, ನೀವು ಮತ್ತು ನಿಮ್ಮ ಅವ್ವ.

ಉಗ್ಗು ಶುರುವಾಗುವುದು ಹೆಚ್ಚಾಗಿ ಎರಡರಿಂದ ಐದು ವರ್ಷದ ಒಳಗೆ. ಮಗು ಒಂದೊಂದೇ ಪದ ಬಿಟ್ಟು ವಾಕ್ಯ ಕಟ್ಟಲು ಶುರು ಮಾಡುವ ಕಾಲ ಅದು. ನೂರು ಮಕ್ಕಳಲ್ಲಿ 5ರಿಂದ 8 ಮಕ್ಕಳು ಆ ವಯಸ್ಸಿನಲ್ಲಿ ಸ್ವಲ್ಪ ದಿನವಾದರೂ ಉಗ್ಗುತ್ತವೆ. ಅವರಲ್ಲಿ ನಾಲ್ಕರಲ್ಲಿ ಮೂರು ಪಾಲು ಮಕ್ಕಳಿಗೆ ಅದು ತಾನಾಗಿಯೇ ಹೋಗುತ್ತದೆ. ಉಳಿದವರು ಉಗ್ಗುತ್ತಲೇ ದೊಡ್ಡವರಾಗುತ್ತಾರೆ. ನೂರಕ್ಕೆ ಒಬ್ಬರು ಅಂತ ಸಾಮಾನ್ಯವಾಗಿ ಹಿಡಿಯುವ ಲೆಕ್ಕ. 2011ರ ಜನಗಣತಿಯಲ್ಲಿ ಕಲಬುರಗಿ ಜಿಲ್ಲೆಯ ಜನ 25 ಲಕ್ಷಕ್ಕೂ ಮೇಲೆ ಇದ್ದರು. ಅಂದರೆ ಈ ಒಂದು ಜಿಲ್ಲೆಯಲ್ಲೇ ನಿಮ್ಮಂಥವರು 25 ಸಾವಿರದ ಆಸುಪಾಸು. ನಿಮಗೆ ಅವರಲ್ಲಿ ಎಷ್ಟು ಜನ ಗೊತ್ತು? ಇಬ್ಬರೋ ಮೂವರೋ. ಉಳಿದವರು ಎಲ್ಲಿದ್ದಾರೆ ಅಂದರೆ, ನಿಮ್ಮ ಹಾಗೇ 'ಲಾಸ್ಟ್ ಸ್ಟಾಪ್' ಅಂತ ಟಿಕೆಟ್ ತಗೊಂಡು ಕಿಟಕಿ ಕಡೆ ಮುಖ ಮಾಡಿ ಕುಳಿತಿದ್ದಾರೆ.

ಹೀಗೆ ಎರಡರಿಂದ ಐದರ ವಯಸ್ಸು ಅಂದೆನಲ್ಲ, ಮಕ್ಕಳು ಬೀಳುವುದು, ಕಳೆದುಹೋಗುವುದು, ನಾಯಿಗೆ ಅಂಜುವುದು, ಜ್ವರ ಬಂದು ಮಲಗುವುದು, ಹಿಂದೆ ಒಂದು ತಮ್ಮನೋ ತಂಗಿಯೋ ಹುಟ್ಟುವುದು, ಎಲ್ಲವೂ ಅದೇ ವಯಸ್ಸಿನಲ್ಲಿ. ಹಾಗಾಗಿ ಉಗ್ಗು ಶುರುವಾದ ದಿನಕ್ಕೆ ಹತ್ತಿರ ಯಾವ ಘಟನೆ ಇರುತ್ತದೋ ಅದರ ತಲೆಗೇ ಕಟ್ಟುತ್ತಾರೆ. ನನ್ನ ಹತ್ತಿರ ಬರುವ ಮನೆಗಳಲ್ಲಿ ಇಂಥ ಒಂದು ಕತೆ ಇಲ್ಲದ ಮನೆಯೇ ಅಪರೂಪ. ಒಬ್ಬರಿಗೆ ಮೊಹರಂ ಹುಲಿವೇಷ, ಒಬ್ಬರಿಗೆ ಬಾವಿ, ಒಬ್ಬರಿಗೆ ಮೇಷ್ಟ್ರ ಏಟು. ಶರಣಬಸವೇಶ್ವರ ಜಾತ್ರೆಯಲ್ಲಿ ತೇರು ಎಳೆಯುವ ದಿನ ಎಷ್ಟು ಮಕ್ಕಳು ತಪ್ಪಿಸಿಕೊಂಡು ಮೈಕಿನಲ್ಲಿ ಹೆಸರು ಕೂಗಿಸಿಕೊಳ್ಳುತ್ತವೆ, ನೀವೇ ಕೇಳಿರುತ್ತೀರಿ. ಅವರೆಲ್ಲ ಉಗ್ಗಲಿಲ್ಲ. ಅಂಜಿಕೆ ಮಗುವನ್ನು ಅಳಿಸುತ್ತದೆ, ರಾತ್ರಿ ಬೆಚ್ಚಿ ಏಳಿಸುತ್ತದೆ, ಆಗಲೇ ಇರುವ ಉಗ್ಗನ್ನು ಸ್ವಲ್ಪ ದಿನ ಜೋರು ಮಾಡಲೂಬಹುದು. ಇಲ್ಲದ ಉಗ್ಗನ್ನು ತಂದು ಇಪ್ಪತ್ತ್ಮೂರು ವರ್ಷ ಕೂರಿಸುವುದಿಲ್ಲ. ಇಷ್ಟನ್ನು ನಿಮ್ಮ ಅವ್ವನಿಗೆ ಓದಿ ಹೇಳಿ. ನೀವೇ ಓದಬೇಕು, ಬೇರೆಯವರ ಕೈಯಲ್ಲಿ ಓದಿಸಬೇಡಿ. ಆಕೆ ಅವತ್ತು ಕೈ ಬಿಟ್ಟದ್ದಕ್ಕೂ ನಿಮ್ಮ ಮಾತಿಗೂ ಸಂಬಂಧ ಇಲ್ಲ. ಇಷ್ಟು ವರ್ಷ ಹೊತ್ತದ್ದು ಸಾಕು.

ಹಾಗಾದರೆ ಸಂಬಂಧ ಯಾವುದಕ್ಕೆ? ನಿಮ್ಮ ಪ್ರಶ್ನೆಯಲ್ಲೇ ಉತ್ತರ ಇದೆ, ನೀವು ಅದನ್ನು ಒಂದು ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ. ನಿಮ್ಮ ಸೋದರ ಮಾವನಿಗೆ ಇತ್ತು, ನಿಮಗೆ ಇದೆ, ಈಗ ನಿಮ್ಮ ಅಕ್ಕನ ಮಗನಿಗೆ ಕಾಣಿಸಿದೆ. ಉಗ್ಗು ಮನೆತನದಲ್ಲಿ ಇಳಿದು ಬರುತ್ತದೆ. ಒಂದೇ ತತ್ತಿಯಿಂದ ಹುಟ್ಟಿದ ಅವಳಿಗಳಲ್ಲಿ ಒಬ್ಬರಿಗೆ ಇದ್ದರೆ ಇನ್ನೊಬ್ಬರಿಗೂ ಇರುವುದು ಬೇರೆ ಅವಳಿಗಳಿಗಿಂತ ತುಂಬಾ ಜಾಸ್ತಿ, ಇದು ಬಹಳ ವರ್ಷದಿಂದ ಗೊತ್ತಿತ್ತು. 2010ರಲ್ಲಿ ಅಮೆರಿಕದ ಡೆನಿಸ್ ಡ್ರೇನಾ ಅವರ ತಂಡ ಪಾಕಿಸ್ತಾನದ ಕುಟುಂಬಗಳನ್ನು ಪರೀಕ್ಷಿಸಿ ಉಗ್ಗಿನ ಜೊತೆ ಸಂಬಂಧ ಇರುವ ಮೂರು ಜೀನ್‌ಗಳನ್ನು ಹೆಸರಿಸಿ ತೋರಿಸಿತು. ಆ ಕುಟುಂಬಗಳಲ್ಲಿ ನಮ್ಮ ಕಡೆಯ ಹಾಗೇ ಸಂಬಂಧದಲ್ಲೇ ಮದುವೆ ಜಾಸ್ತಿ, ಒಂದೇ ಮನೆತನದಲ್ಲಿ ಉಗ್ಗುವವರು ಹಲವರು ಸಿಗುತ್ತಿದ್ದರು, ಹಾಗಾಗಿ ಹುಡುಕುವುದು ಸುಲಭವಾಯಿತು. ಹಾಗಂತ ಸೋದರಿಕೆಯ ಮದುವೆಯಿಂದಲೇ ಉಗ್ಗು ಬರುತ್ತದೆ ಅಂತ ತಿಳಿಯಬೇಡಿ, ಯಾವ ಸಂಬಂಧವೂ ಇಲ್ಲದ ಮದುವೆಯ ಮಕ್ಕಳಲ್ಲೂ ಉಗ್ಗು ಇದೆ. ವಿಚಿತ್ರ ಏನೆಂದರೆ, ಆ ಜೀನ್‌ಗಳು ಮಾಡುವ ಕೆಲಸ ಜೀವಕೋಶದ ಒಳಗಿನ ಹಳೆಯದನ್ನು ಕರಗಿಸಿ ತೆಗೆಯುವ ವ್ಯವಸ್ಥೆಗೆ ಸೇರಿದ್ದು, ಬಾಯಿಗೂ ನಾಲಿಗೆಗೂ ನೇರವಾಗಿ ಏನೂ ಅಲ್ಲ. ಅದರಲ್ಲಿ ಒಂದು ಜೀನಿನ ಅದೇ ದೋಷವನ್ನು ಇಲಿಗಳಲ್ಲಿ ಇಟ್ಟು ನೋಡಿದಾಗ ಮರಿಗಳ ಕೂಗಿನ ನಡುವೆ ನಿಲುಗಡೆಗಳು ಉದ್ದವಾದವು. ಈ ಮೂರು ಜೀನ್‌ಗಳಿಂದಲೇ ಎಲ್ಲರ ಉಗ್ಗು ಬಂತು ಅಂತ ಅಲ್ಲ, ಅವು ಒಂದು ಸಣ್ಣ ಪಾಲಿಗೆ ಮಾತ್ರ ಕಾರಣ. ಬೇರೆ ಜೀನ್‌ಗಳೂ ಇವೆ. ಅಪ್ಪನ ಕಡೆಯಿಂದಲೂ ಬರಬಹುದು, ಅವ್ವನ ಕಡೆಯಿಂದಲೂ ಬರಬಹುದು. ಜಾತ್ರೆಯ ತಪ್ಪು ಇಳಿಸಿ ತವರಿನ ತಪ್ಪು ಅಂತ ಈಗ ಅವ್ವನ ತಲೆ ಮೇಲೆ ಹೊರಿಸಬೇಡಿ.

ಜೀನು ಹೋಗಿ ಏನು ಮಾಡುತ್ತದೆ? ಮೆದುಳಿನ ಎಡಭಾಗದಲ್ಲಿ ಮಾತನ್ನು ಜೋಡಿಸುವ ಜಾಗ, ಸ್ವಂತ ಮಾತನ್ನು ಕೇಳಿಸಿಕೊಳ್ಳುವ ಜಾಗ, ತುಟಿ ನಾಲಿಗೆ ಗಂಟಲು ಆಡಿಸುವ ಜಾಗ ಬೇರೆ ಬೇರೆ ಇವೆ. ಇವುಗಳ ನಡುವೆ ಸುದ್ದಿ ಒಯ್ಯುವ ನರದ ಎಳೆಗಳ ಕಟ್ಟು ಇದೆ. ಉಗ್ಗುವವರಲ್ಲಿ ಆ ಕಟ್ಟು ಬೆಳೆದಿರುವ ರೀತಿ ಸ್ವಲ್ಪ ಬೇರೆ. ಇದನ್ನು ಎಂಆರ್‌ಐ ಚಿತ್ರಗಳಲ್ಲಿ ದೊಡ್ಡವರಲ್ಲಷ್ಟೇ ಅಲ್ಲ, ಆಗಷ್ಟೇ ಉಗ್ಗು ಶುರುವಾದ ಚಿಕ್ಕ ಮಕ್ಕಳಲ್ಲೂ ನೋಡಿದ್ದಾರೆ. ಮೆದುಳಿನ ಆಳದಲ್ಲಿ ಬೇಸಲ್ ಗ್ಯಾಂಗ್ಲಿಯ ಅಂತ ಒಂದು ಭಾಗ ಇದೆ. ಈಗ ಈ ಅಕ್ಷರ, ಈಗ ಮುಂದಿನದು ಅಂತ ಸರಿಯಾದ ಕ್ಷಣಕ್ಕೆ ಸನ್ನೆ ಕೊಡುವುದರಲ್ಲಿ ಅದರ ಪಾಲು ದೊಡ್ಡದು. ಭಜನೆಯಲ್ಲಿ ತಾಳ ಹಿಡಿದವನು ಇರುತ್ತಾನಲ್ಲ, ಅವನು ಒಳಗೇ ಕುಳಿತಿದ್ದಾನೆ ಅಂತ ತಿಳಿಯಿರಿ. ಉಗ್ಗುವವರಲ್ಲಿ ಆ ಒಳಗಿನ ತಾಳ ಒಮ್ಮೊಮ್ಮೆ ತಪ್ಪುತ್ತದೆ, ಅದರಲ್ಲೂ ಮಾತು ಶುರುವಾಗುವ ಜಾಗದಲ್ಲಿ. ನಿಮಗೆ ವಾಕ್ಯದ ನಡುವೆ ತಡೆಯುವುದಕ್ಕಿಂತ ಮೊದಲ ಅಕ್ಷರದಲ್ಲಿ ತಡೆಯುವುದು ಜಾಸ್ತಿ ಯಾಕೆ ಅನ್ನುವುದಕ್ಕೆ ಇದೇ ಕಾರಣ ಇರಬೇಕು.

ಭಜನೆಯಲ್ಲಿ ಯಾಕೆ ತಡೆಯುವುದಿಲ್ಲ ಅನ್ನುವುದೂ ಇಲ್ಲೇ ಬಿಡಿಸಿಕೊಳ್ಳುತ್ತದೆ. ಅಲ್ಲಿ ತಾಳ ಹೊರಗಿನಿಂದ ಸಿಗುತ್ತದೆ. ಮುಂದಿನ ಅಕ್ಷರ ಯಾವಾಗ ಬರಬೇಕು ಅಂತ ಹಾರ್ಮೋನಿಯಂ, ತಬಲಾ, ಪಕ್ಕದವರ ದನಿ ಹೇಳುತ್ತವೆ. ನಾಲ್ಕು ಜನ ಸೇರಿ ಒಂದೇ ದನಿಯಲ್ಲಿ ವಚನ ಓದಿದರೂ ತಡೆಯುವುದಿಲ್ಲ, ತಾಳ ಹಾಕುವ ಯಂತ್ರ ಮೆಟ್ರೋನೋಮಿನ ಟಕ್ ಟಕ್ ಶಬ್ದಕ್ಕೆ ಮಾತು ಹೊಂದಿಸಿದರೂ ತಡೆಯುವುದು ಕಡಿಮೆ. ಎತ್ತಿನ ಜೊತೆ, ತೊಟ್ಟಿಲಲ್ಲಿರುವ ಕೂಸಿನ ಜೊತೆ, ಒಬ್ಬರೇ ಇದ್ದಾಗ ನಮ್ಮ ಜೊತೆ ನಾವೇ ಮಾತಾಡುವಾಗಲೂ ಹಾಗೇ. "ಹಾಡುವಾಗ ಬರುತ್ತೆ, ಮಾತಾಡುವಾಗ ಬರಲ್ಲ ಅಂದರೆ ನೀನೇ ಮನಸ್ಸು ಮಾಡುತ್ತಿಲ್ಲ" ಅಂತ ಯಾರಾದರೂ ನಿಮಗೆ ಹೇಳಿರುತ್ತಾರೆ, ಹೇಳಿಯೇ ಇರುತ್ತಾರೆ. ಅವರಿಗೆ ಈ ಪ್ಯಾರಾ ತೋರಿಸಿ. ಮನಸ್ಸು ಮಾಡುವುದರಿಂದ ಸರಿಹೋಗುವುದಾಗಿದ್ದರೆ ನಿಮ್ಮಷ್ಟು ಮನಸ್ಸು ಮಾಡಿದವರು ಯಾರಿದ್ದಾರೆ?

ಹಳೆಯ ಕಾಲದವರು ಎಲ್ಲ ತಪ್ಪನ್ನೂ ನಾಲಿಗೆ ಮೇಲೆ ಹಾಕಿದರು. ಜರ್ಮನಿಯ ಡಿಫೆನ್‌ಬಾಖ್ ಅನ್ನುವ ದೊಡ್ಡ ಶಸ್ತ್ರವೈದ್ಯ 1841ರಲ್ಲಿ ಉಗ್ಗುವವರ ನಾಲಿಗೆಯಿಂದ ತುಂಡು ಕತ್ತರಿಸಿ ತೆಗೆದ, ಅದೂ ಅರಿವಳಿಕೆ ಬಳಕೆಗೆ ಬರುವುದಕ್ಕೂ ಮುಂಚೆ. ನಮ್ಮ ಕಡೆ ಬಜೆ ಬೇರು ತೇಯ್ದು ನಾಲಿಗೆಗೆ ತಿಕ್ಕುವುದು, ಬಾಯಲ್ಲಿ ಹರಳು ಇಟ್ಟುಕೊಂಡು ಓದಿಸುವುದು, ನಾಲಿಗೆ ಕೆಳಗಿನ ಎಳೆ ಕತ್ತರಿಸಿಸುವುದು ಇನ್ನೂ ನಡೆದಿದೆ. ನಿಮ್ಮ ನಾಲಿಗೆ ಸರಿಯಾಗಿಯೇ ಇದೆ, ಹಾಡುತ್ತೀರಲ್ಲ. ಬಜೆ ಜಾಸ್ತಿಯಾದರೆ ಮಗುವಿಗೆ ವಾಂತಿ ಹಿಡಿಯುತ್ತದೆ, ಅಳಿಯನಿಗೆ ಯಾರೂ ತಿಕ್ಕದ ಹಾಗೆ ನೋಡಿಕೊಳ್ಳಿ. ಶರಣಬಸವೇಶ್ವರನಿಗೋ ಬಂದೇನವಾಜ್ ದರ್ಗಾಕ್ಕೋ ಮನೆಯವರು ಹರಕೆ ಹೊತ್ತಿದ್ದರೆ ತೀರಿಸಲಿ, ಅದರಿಂದ ಯಾರಿಗೂ ಕೇಡಿಲ್ಲ, ಆದರೆ ಚಿಕಿತ್ಸೆಗೆ ಹೋಗುವುದನ್ನು ಹರಕೆಗೋಸ್ಕರ ಮುಂದೂಡಬಾರದು.

ಮನೆಯಲ್ಲಿ ಎರಡು ಮೂರು ಭಾಷೆ ಇರುವುದರಿಂದ ಮಗು ಗಲಿಬಿಲಿಯಾಗಿ ಉಗ್ಗುತ್ತದೆ ಅಂತಲೂ ಹೇಳುತ್ತಾರೆ. ಬೀದರ್ ಕಡೆ ಒಂದೇ ಓಣಿಯಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು ಆಡುತ್ತಲೇ ಮಕ್ಕಳು ಬೆಳೆಯುತ್ತವೆ. ಭಾಷೆ ಜಾಸ್ತಿಯಾದರೆ ಉಗ್ಗು ಬರುವುದಿಲ್ಲ, ಒಂದು ಬಿಡಿಸಿದರೆ ಹೋಗುವುದೂ ಇಲ್ಲ. ಇಂಗ್ಲಿಷ್ ಶಾಲೆಗೆ ಹಾಕಬೇಕು ಅಂತ ಮನೆಮಾತನ್ನೇ ನಿಲ್ಲಿಸಿಬಿಡುವ ತಂದೆತಾಯಿ ಸಿಗುತ್ತಾರೆ. ಹಾಗೆ ಮಾಡಬೇಡಿ.

ಒಂದು ಹಳೆಯ ಸಂಗತಿ ಹೇಳಲೇಬೇಕು. ಅಮೆರಿಕದ ಐಯೊವಾ ವಿಶ್ವವಿದ್ಯಾಲಯದಲ್ಲಿ ವೆಂಡೆಲ್ ಜಾನ್ಸನ್ ಅಂತ ಇದ್ದರು, ಸ್ವತಃ ಉಗ್ಗುತ್ತಿದ್ದವರು. ಮಗುವಿನ ಮಾತನ್ನು ದೊಡ್ಡವರು ಎತ್ತಿ ಆಡುವುದರಿಂದಲೇ ಉಗ್ಗು ಹುಟ್ಟುತ್ತದೆ ಅಂತ ಅವರ ವಾದ. 1939ರಲ್ಲಿ ಅವರ ವಿದ್ಯಾರ್ಥಿನಿ ಒಬ್ಬರು ಅನಾಥಾಶ್ರಮದ 22 ಮಕ್ಕಳ ಮೇಲೆ ಪ್ರಯೋಗ ಮಾಡಿದರು. ಸಲೀಸಾಗಿ ಮಾತಾಡುತ್ತಿದ್ದ ಕೆಲವು ಮಕ್ಕಳಿಗೆ, ನಿನ್ನ ಮಾತು ಸರಿಯಿಲ್ಲ, ನೀನು ಉಗ್ಗುತ್ತೀಯ, ಸರಿಯಾಗಿ ಬರುವ ತನಕ ಮಾತಾಡಬೇಡ ಅಂತ ತಿಂಗಳುಗಟ್ಟಲೆ ಹೇಳಿದರು. ಆ ಮಕ್ಕಳಿಗೆ ಉಗ್ಗು ಬರಲಿಲ್ಲ. ಆದರೆ ಹಲವರು ಮುದುಡಿಕೊಂಡರು, ಬಾಯಿ ತೆರೆಯಲು ಹಿಂಜರಿದರು, ಉತ್ತರ ಗೊತ್ತಿದ್ದರೂ ಸುಮ್ಮನಿರುವುದನ್ನು ಕಲಿತರು. 2001ರಲ್ಲಿ ಆ ವಿಶ್ವವಿದ್ಯಾಲಯ ಇದಕ್ಕಾಗಿ ಕ್ಷಮೆ ಕೇಳಿತು. ಅನಾಥ ಮಕ್ಕಳ ಮೇಲೆ ಹೀಗೆ ಮಾಡಿದ್ದು ನೆನೆದರೆ ಇವತ್ತಿಗೂ ಸಂಕಟ ಆಗುತ್ತದೆ. ಬೈದರೆ ಉಗ್ಗು ಹುಟ್ಟುವುದಿಲ್ಲ ಅನ್ನುವುದು ಇದರಿಂದ ತಿಳಿದದ್ದಕ್ಕಿಂತ, ಬೈದರೆ ಮಗು ಮೂಕವಾಗುತ್ತದೆ ಅನ್ನುವುದು ನಮಗೆ ಮುಖ್ಯ.

ನಿಮ್ಮ ವಿಷಯಕ್ಕೆ ಬಂದರೂ ಅದೇ. ಬಾಯಿಗೆ ಬಂದು ತಡೆಯುವುದು ನಿಮ್ಮ ಕಷ್ಟದ ಒಂದು ಪಾಲು. ತಡೆಯುವುದು ಯಾರಿಗೂ ಗೊತ್ತಾಗಬಾರದು ಅಂತ ದಿನವಿಡೀ ಮಾಡುವ ಕಸರತ್ತು ಇದೆಯಲ್ಲ, ಅದು ಇನ್ನೂ ದೊಡ್ಡ ಪಾಲು. ನಮ್ಮ ಭಾಗದಲ್ಲಿ ಇದು ಸುಲಭ ಬೇರೆ, ಒಂದು ಪದ ಸಿಕ್ಕಿಹಾಕಿಕೊಂಡರೆ ಇನ್ನೊಂದು ಕೈಗೆ ಸಿಗುತ್ತದೆ. 'ಕೆಲಸ' ತಡೆದರೆ 'ದಂಧೆ' ಅನ್ನುತ್ತೀರಿ, 'ಸಮಯ' ತಡೆದರೆ 'ವ್ಯಾಳ್ಯಾ'. ಎದುರಿನವರಿಗೆ ಗೊತ್ತೇ ಆಗುವುದಿಲ್ಲ. ಆದರೆ ಊರಿನ ಹೆಸರಿಗೆ, ಸ್ವಂತ ಹೆಸರಿಗೆ, ರೇಟಿಗೆ ಇನ್ನೊಂದು ಪದ ಇಲ್ಲ. ಅದಕ್ಕೇ ಅಲ್ಲೇ ಜಾಸ್ತಿ ತಡೆಯುತ್ತದೆ. ಮುಂದೆ ತಡೆಯುತ್ತದೆ ಅಂತ ಮೊದಲೇ ಗೊತ್ತಿರುತ್ತದೆ, ಮೈ ಬಿಗಿಯುತ್ತದೆ, ಬಿಗಿದದ್ದಕ್ಕೆ ಇನ್ನಷ್ಟು ತಡೆಯುತ್ತದೆ. ಹುಡುಗಿಯರಲ್ಲಿ ಈ ಅಡಗಿಸುವುದು ಇನ್ನೂ ಆಳ. ದೊಡ್ಡವರಲ್ಲಿ ಉಗ್ಗುವವರು ನಾಲ್ವರು ಗಂಡಸರಿಗೆ ಒಬ್ಬ ಹೆಂಗಸು ಅನ್ನುವ ಲೆಕ್ಕ, ಯಾಕೆಂದರೆ ಹೆಣ್ಣುಮಕ್ಕಳಲ್ಲಿ ತಾನಾಗಿ ಹೋಗುವುದು ಜಾಸ್ತಿ. ಆದರೆ ಉಳಿದುಕೊಂಡವರನ್ನು ನಾಚಿಕೆ ಸ್ವಭಾವ, ಗುಣವಂತೆ, ಮಾತು ಕಡಿಮೆ ಅಂತ ಹೊಗಳಿ ಕೂರಿಸಿಬಿಡುತ್ತೇವೆ. ಯಾದಗಿರಿಯ ಯಾವ ಮನೆಯಲ್ಲೋ ಹಾಗೆ ಸುಮ್ಮನೆ ಕುಳಿತ ಹುಡುಗಿ ಇದನ್ನು ಓದುತ್ತಿದ್ದರೆ, ನಿನಗೂ ಈ ಉತ್ತರವೇ ತಾಯಿ.

ಹೋಗುತ್ತದಾ ಅಂತ ಕೇಳಿದ್ದೀರಿ. 27ನೇ ವಯಸ್ಸಿಗೆ ಪೂರ್ತಿ ಅಳಿಸಿಹೋಗುವುದು ಅಪರೂಪ. '21 ದಿನದಲ್ಲಿ ಗ್ಯಾರಂಟಿ' ಅನ್ನುವ ಪೋಸ್ಟರ್ ಬಸ್ ಸ್ಟ್ಯಾಂಡ್ ಗೋಡೆ ಮೇಲೆ ನೋಡಿರುತ್ತೀರಿ, ಅಲ್ಲಿಗೆ ದುಡ್ಡು ಹಾಕಬೇಡಿ. ಮಾತನ್ನು ಎಳೆದು ಎಳೆದು ಆಡಿಸಿ ಒಂದು ವಾರ ಸಲೀಸು ಮಾಡಿ ಕಳಿಸುವುದು ಕಷ್ಟವೇ ಅಲ್ಲ, ಮನೆಗೆ ಬಂದು ಫೋನ್ ಎತ್ತಿದ ಕೂಡಲೇ ಎಲ್ಲಾ ವಾಪಸ್. ಆಮೇಲೆ ತಪ್ಪು ನನ್ನದೇ, ನಾನೇ ಅಭ್ಯಾಸ ಮಾಡಲಿಲ್ಲ ಅಂತ ಹುಡುಗ ಇನ್ನಷ್ಟು ಕುಗ್ಗುತ್ತಾನೆ. ಇದರ ಬಗ್ಗೆ ನನಗೆ ನಿಜವಾಗಿ ಸಿಟ್ಟಿದೆ. ಉಗ್ಗಿಗೆ ಅಂತಲೇ ಒಪ್ಪಿಗೆ ಪಡೆದ ಮಾತ್ರೆಯೂ ಇಲ್ಲ. ಆದರೆ ತಡೆ ಬಂದಾಗ ಕಡಿಮೆ ಒದ್ದಾಟದಲ್ಲಿ ದಾಟುವುದನ್ನು ಕಲಿಯಬಹುದು, ಅಂಜಿಕೆ ಇಳಿಸಬಹುದು. ಅದು ಬದುಕಿನಲ್ಲಿ ತುಂಬಾ ಬದಲಾವಣೆ ತರುತ್ತದೆ.

ನಿಮ್ಮ 'ಏಳು ಸಾವಿರ'ವನ್ನೇ ತಗೊಳ್ಳೋಣ. ಒಬ್ಬರೇ ಇದ್ದಾಗ ಗಂಟಲ ಮಣಿಯ ಮೇಲೆ ಎರಡು ಬೆರಳು ಇಡಿ. ಭಾರವಾದ ಜೋಳದ ಚೀಲ ಎತ್ತುವವರ ಹಾಗೆ ಉಸಿರು ಬಿಗಿ ಹಿಡಿಯಿರಿ. ಒಳಗೆ ಏನೋ ಮುಚ್ಚಿಕೊಂಡಿತಲ್ಲ, ಅದೇ ಧ್ವನಿ ಹೊರಡಿಸುವ ಎರಡು ತಂತುಗಳು. 'ಏ' ಹೊರಡಬೇಕಾದರೆ ಅವು ಹಗುರವಾಗಿ ತಾಗಿ ನಡುಗಬೇಕು. ನಿಮ್ಮ ತಡೆಯಲ್ಲಿ ಅವು ಗಟ್ಟಿಯಾಗಿ ಮುಚ್ಚಿಕೊಳ್ಳುತ್ತವೆ, ಕೆಳಗಿಂದ ಉಸಿರು ಒತ್ತುತ್ತದೆ, ನೀವು ಇನ್ನೂ ಜೋರಾಗಿ ಒತ್ತುತ್ತೀರಿ, ಅವು ಇನ್ನೂ ಬಿಗಿಯುತ್ತವೆ. ಕತ್ತಿನ ನರ ಉಬ್ಬುವುದು, ಕಣ್ಣು ಮುಚ್ಚುವುದು, ಕಾಲು ನೆಲಕ್ಕೆ ಒದೆಯುವುದು ಎಲ್ಲ ಈ ಒತ್ತುವುದರ ಕಡೆಯವು. ಈಗ ಬೇಕೆಂದೇ ಆ ತಡೆಯನ್ನು ತಂದುಕೊಳ್ಳಿ. ಹಿಂದಕ್ಕೆ ಹೋಗಿ ಮತ್ತೆ ಶುರು ಮಾಡಬೇಡಿ, ಪದ ಬದಲಿಸಬೇಡಿ, ಅಲ್ಲೇ ನಿಲ್ಲಿ. ಒತ್ತಡವನ್ನು ಅರ್ಧಕ್ಕೆ ಇಳಿಸಿ. ಮತ್ತೆ ಅರ್ಧಕ್ಕೆ. ಒಂದು ಹಂತದಲ್ಲಿ ಉಸಿರು ಜಾರಿ ಹೊರಗೆ ಬರುತ್ತದೆ, ಅದರ ಹಿಂದೆ ದನಿ ಬರುತ್ತದೆ, 'ಹ್‌ಏಏಳು' ಅಂತ ಎಳೆದುಕೊಂಡು. ಹಾಗೇ ಬರಲಿ, ಚೆಂದ ಕಾಣಬೇಕಿಲ್ಲ. ಇದನ್ನು ಕಲಿಸಿಕೊಟ್ಟವರು ಅಮೆರಿಕದ ಚಾರ್ಲ್ಸ್ ವ್ಯಾನ್ ರೈಪರ್, ಅವರೂ ಉಗ್ಗುತ್ತಿದ್ದರು. ಇದನ್ನು ಮೊದಲು ಕನ್ನಡಿ ಮುಂದೆ, ಆಮೇಲೆ ನಿಮಗೆ ಸಲುಗೆ ಇರುವ ಹಮಾಲನೊಬ್ಬನ ಮುಂದೆ, ಆಮೇಲೆ ಫೋನಿನಲ್ಲಿ, ಕೊನೆಗೆ ಕಂಡಕ್ಟರ್ ಮುಂದೆ ಮಾಡಿ. ಈ ಕ್ರಮ ತಪ್ಪಿಸಿ ನೇರ ಬಸ್ಸಿಗೆ ಹೋದರೆ ಎದೆ ಒಡೆಯುತ್ತದೆ. ಮತ್ತೆ, ಕೆಲವು ಸಲ ತಡೆಯದಿದ್ದರೂ ಬೇಕೆಂದೇ 'ಕಾ ಕಾ ಕಾಳಗಿ' ಅನ್ನಿ. ತಮಾಷೆಗೆ ಹೇಳುತ್ತಿಲ್ಲ, ಇದು ಚಿಕಿತ್ಸೆಯ ಭಾಗವೇ. ತಾನಾಗಿ ಬರುವ ತನಕ ಕಾದು ಅಂಜುವುದಕ್ಕಿಂತ ನೀವೇ ಕರೆದು ತಂದರೆ ಅದರ ಕಾವು ಇಳಿಯುತ್ತದೆ.

ಇದನ್ನೆಲ್ಲ ಒಬ್ಬರೇ ಮಾಡುವುದು ಕಷ್ಟ, ವಾಕ್ ಚಿಕಿತ್ಸಕರ ಜೊತೆ ಮಾಡಿ. ಕಲಬುರಗಿಯಲ್ಲಿ ಜಿಮ್ಸ್, ಬೀದರ್‌ನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್ ಆಸ್ಪತ್ರೆಗಳ ಕಿವಿ ಮೂಗು ಗಂಟಲು ವಿಭಾಗದಲ್ಲಿ ವಿಚಾರಿಸಿ. ಖಾಸಗಿಯವರ ಹತ್ತಿರ ಹೋದರೆ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐ ನೋಂದಣಿ ಇದೆಯಾ ಅಂತ ಮೊದಲು ಕೇಳಿ, ಕೇಳಲು ಸಂಕೋಚ ಬೇಡ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದ ಇದೇ ಕೆಲಸ ಮಾಡುತ್ತಿದೆ, ದೂರದವರಿಗೆ ವಿಡಿಯೊ ಮೂಲಕವೂ ಚಿಕಿತ್ಸೆ ಕೊಡುತ್ತಾರೆ. ಉಗ್ಗುವವರೇ ಸೇರಿ ನಡೆಸುವ ಟಿಸಾ ಅನ್ನುವ ಗುಂಪು ದೇಶದಲ್ಲಿದೆ. ನಿಮ್ಮ ಹಾಗೆ ಮಾತಾಡುವ ಹತ್ತು ಜನರ ನಡುವೆ ಒಮ್ಮೆ ಕುಳಿತು ಬಂದರೆ ನಾನು ಹೇಳುವ ನೂರು ಮಾತಿಗಿಂತ ಅದು ಜಾಸ್ತಿ.

ಓದುತ್ತಿರುವ ಬೇರೆಯವರಿಗೆ ಒಂದು ಎಚ್ಚರಿಕೆ: ಇಷ್ಟು ವರ್ಷ ಸರಿಯಾಗಿ ಮಾತಾಡುತ್ತಿದ್ದ ದೊಡ್ಡವರಿಗೆ ಒಮ್ಮೆಲೇ ಉಗ್ಗು ಶುರುವಾದರೆ ಅದು ಬೇರೆ ವಿಷಯ. ಪಾರ್ಶ್ವವಾಯು, ತಲೆಗೆ ಪೆಟ್ಟು, ಕೆಲವು ಔಷಧಿಗಳಿಂದ ಹಾಗಾಗಬಹುದು. ತಡ ಮಾಡದೆ ಡಾಕ್ಟರ್ ಹತ್ತಿರ ಹೋಗಬೇಕು.

ಹೆಣ್ಣು ನೋಡುವ ವಿಷಯ. ಹೇಳಿ, ಮೊದಲೇ ಹೇಳಿ, ಹಿರಿಯರ ಕೈಯಲ್ಲಿ ಹೇಳಿಸಬೇಡಿ, ಹುಡುಗಿಗೆ ನೀವೇ ಹೇಳಿ. "ನನಗೆ ಉಗ್ಗು ಇದೆ, ಕೆಲವು ಮಾತು ತಡವಾಗುತ್ತದೆ, ಸ್ವಲ್ಪ ಕಾಯಬೇಕು" ಅಂದರೆ ಸಾಕು. ಅಡಗಿಸಿ ಅರ್ಧ ಗಂಟೆ ಬೆವರುವುದಕ್ಕಿಂತ ಹೇಳಿ ಉಗ್ಗುವುದು ಹಗುರ. ಇದನ್ನು ಕೇಳಿ ಬೇಡ ಅನ್ನುವ ಮನೆ ನಿಮಗೂ ಬೇಡ. ಮಕ್ಕಳಿಗೆ ಬರುತ್ತದಾ ಅಂತ ಅವರು ಕೇಳಬಹುದು. ಬರಬಹುದು, ಬರದೆಯೂ ಇರಬಹುದು, ಬಂದರೆ ಚಿಕ್ಕಂದಿನಲ್ಲೇ ನೋಡಿಕೊಳ್ಳುತ್ತೇವೆ ಅಂತ ಇದ್ದದ್ದು ಇದ್ದ ಹಾಗೆ ಹೇಳಿ.

ಮತ್ತೆ ಅಳಿಯನ ಹತ್ತಿರ ಬರುತ್ತೇನೆ, ಮಾಡಬೇಕಾದ ಕೆಲಸ ಇರುವುದು ಅಲ್ಲಿ. ಹೆಚ್ಚಿನ ಮಕ್ಕಳಿಗೆ ತಾನಾಗಿ ಹೋಗುತ್ತದೆ ಅಂದೆ. ಆದರೆ ಗಂಡು ಮಗು, ಮನೆತನದಲ್ಲಿ ಉಗ್ಗು ಉಳಿದುಕೊಂಡವರು ಇದ್ದಾರೆ, ಶುರುವಾಗಿ ತಿಂಗಳುಗಳಾಗಿವೆ. ಇವು ಮೂರೂ ಕೂಡಿದಾಗ 'ದೊಡ್ಡವನಾದ ಮೇಲೆ ಸರಿಹೋಗುತ್ತೆ' ಅಂತ ಕಾಯುವುದು ಸರಿಯಲ್ಲ. ಶಾಲೆಗೆ ಹೋಗುವ ಮುಂಚಿನ ವಯಸ್ಸಿನಲ್ಲೇ ಚಿಕಿತ್ಸೆಗೆ ಫಲ ಜಾಸ್ತಿ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ರೂಪಿಸಿದ ಲಿಡ್‌ಕಂಬ್ ಅನ್ನುವ ಕ್ರಮ ಇದೆ, ಅದರಲ್ಲಿ ಮನೆಯಲ್ಲಿ ಚಿಕಿತ್ಸೆ ಕೊಡುವವರು ತಾಯಿ ತಂದೆಯೇ, ಚಿಕಿತ್ಸಕರು ವಾರ ವಾರ ಅವರಿಗೆ ಕಲಿಸಿಕೊಡುತ್ತಾರೆ. ಸಲೀಸಾಗಿ ಬಂದ ಮಾತಿಗೆ ಯಾವಾಗ ಹೇಗೆ ಮೆಚ್ಚುಗೆ ಹೇಳಬೇಕು ಅನ್ನುವುದೇ ಅದರ ತಿರುಳು. ಸ್ವಂತ ಪ್ರಯೋಗ ಬೇಡ, ಕಲಿತವರ ಕೈಕೆಳಗೆ ಮಾಡಬೇಕು.

ಅಲ್ಲಿಯವರೆಗೆ ಮನೆಯಲ್ಲಿ ಎಲ್ಲರಿಗೂ ಹೇಳಿ: "ನಿಧಾನಕ್ಕೆ ಹೇಳು", "ಉಸಿರು ತಗೊಂಡು ಹೇಳು", "ಇನ್ನೊಮ್ಮೆ ಸರಿಯಾಗಿ ಹೇಳು", ಈ ಮೂರೂ ಬಂದ್. ಅವನ ಬಾಯಿಂದ ಮಾತು ಕಿತ್ತುಕೊಂಡು ಮುಗಿಸುವುದೂ ಬಂದ್. ನಿಧಾನ ಆಗಬೇಕಾದವರು ದೊಡ್ಡವರು. ಅವನು ಮುಗಿಸಿದ ಮೇಲೆ ಒಂದು ಕ್ಷಣ ಬಿಟ್ಟು ಉತ್ತರ ಕೊಡಿ. ಒಂದರ ಮೇಲೊಂದು ಪ್ರಶ್ನೆ ಹಾಕಬೇಡಿ, ಬಂದ ನೆಂಟರ ಮುಂದೆ ನಿಲ್ಲಿಸಿ ಪದ್ಯ ಹೇಳಿಸಬೇಡಿ. ಏನು ಹೇಳಿದ ಅನ್ನುವುದನ್ನು ಕೇಳಿಸಿಕೊಳ್ಳಿ, ಹೇಗೆ ಹೇಳಿದ ಅನ್ನುವುದನ್ನಲ್ಲ. ಅವನೇ 'ನನಗೆ ಬರಲ್ಲ' ಅಂತ ಅತ್ತರೆ ವಿಷಯ ಮುಚ್ಚಿಹಾಕಬೇಡಿ, "ಹೌದು, ಒಮ್ಮೊಮ್ಮೆ ಮಾತು ತಡೆಯುತ್ತೆ, ನನಗೂ ಹಾಗೇ ಆಗುತ್ತೆ" ಅನ್ನಿ. ಆ ಮಾತು ನಿಮ್ಮ ಬಾಯಿಂದ ಬಂದರೆ ಅವನು ನಂಬುತ್ತಾನೆ. ಅಂಗನವಾಡಿಗೆ ಹೋಗುತ್ತಿದ್ದರೆ ಅಲ್ಲಿನ ಟೀಚರಿಗೂ ಇಷ್ಟು ತಿಳಿಸಿ.

ಅವನು ಆಟ ಆಡುತ್ತಾ ಮಾತಾಡುವಾಗ, ಕ್ಯಾಮೆರಾ ಕಡೆ ಅವನ ಗಮನ ಹೋಗದ ಹಾಗೆ, ಮೊಬೈಲಿನಲ್ಲಿ ಐದು ಹತ್ತು ನಿಮಿಷದ ವಿಡಿಯೊ ತೆಗೆದಿಡಿ. ಆಸ್ಪತ್ರೆಯಲ್ಲಿ ಮಕ್ಕಳು ಬಾಯಿ ಬಿಡುವುದೇ ಇಲ್ಲ, ಚಿಕಿತ್ಸಕರಿಗೆ ಆ ವಿಡಿಯೊ ತುಂಬಾ ಬೇಕಾಗುತ್ತದೆ. ಶುರುವಾದದ್ದು ಯಾವಾಗ, ಆಮೇಲೆ ಜಾಸ್ತಿಯಾಯಿತಾ ಕಡಿಮೆಯಾಯಿತಾ, ಮನೆತನದಲ್ಲಿ ಯಾರಿಗೆ ಇತ್ತು, ಯಾರಿಗೆ ಇದ್ದು ಹೋಯಿತು, ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಜಿಲ್ಲಾ ಆಸ್ಪತ್ರೆಯಲ್ಲಿ ಚಿಕ್ಕ ಮಕ್ಕಳ ಬೆಳವಣಿಗೆಯ ತೊಂದರೆ ನೋಡಲು ಅಂತಲೇ ಡಿಇಐಸಿ ಕೇಂದ್ರ ಇರುತ್ತದೆ, ಅಲ್ಲೂ ಕೇಳಬಹುದು. ಅಕ್ಕ ಭಾವ ಕರೆದುಕೊಂಡು ಹೋಗುವಾಗ ಗಂಜಿನಲ್ಲಿ ಒಂದು ದಿನ ರಜೆ ಕೇಳಿ ನೀವೂ ಜೊತೆಗೆ ಹೋಗಿ, ಅಲ್ಲೇ ನಿಮ್ಮ ಹೆಸರಿನಲ್ಲೂ ಒಂದು ಚೀಟಿ ಮಾಡಿಸಿ.